ಹಳೇ ಬೋಟಿಗೆ ಬಣ್ಣ ಆಮೇಲೆ, ಮೊದಲು ಹಿಂಬದಿ ಹಲಗೆ

ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ಕೊಂಡವರು ಮೊದಲು ಓಡುವುದೇ ಪೇಂಟ್ ಅಂಗಡಿಗೆ. ನೀಲಿ ಬಣ್ಣ, ಎಲ್‌ಇಡಿ ಲೈಟು, ಹೊಸ ಸೀಟು. ಸ್ವಲ್ಪ ದಿನ ಓಡಿಸುವಷ್ಟರಲ್ಲಿ ಎಂಜಿನ್ ಕೂರಿಸಿದ ಹಿಂಬದಿ ಹಲಗೆ ಅಲ್ಲಾಡತೊಡಗುತ್ತದೆ. ಆಮೇಲೆ ಹೊಸ ಬಣ್ಣದ ಮೇಲೇ ಗ್ರೈಂಡರ್ ಆಡಿಸಬೇಕು. ಗಂಗೊಳ್ಳಿಯಿಂದ ಮಲ್ಪೆವರೆಗೆ ಇದನ್ನು ನೋಡಿ ನೋಡಿ ಸಾಕಾಗಿದೆ. ಔಟ್‌ಬೋರ್ಡ್ ಎಂಜಿನ್ನಿನ, ಅಂದರೆ ಹಿಂಬದಿ ಹಲಗೆಗೆ ಹೊರಗಿನಿಂದ ಕೂರಿಸುವ ಎಂಜಿನ್ನಿನ ಸಣ್ಣ ಬೋಟಾದರೆ ಕೆಲಸ ಈ ಕ್ರಮದಲ್ಲಿ ನಡೆಯಲಿ.

ಯಾವಾಗ? ಡಿಸೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಬೋಟು ಹೇಗೂ ದಡದಲ್ಲಿ ಇರುತ್ತದಲ್ಲ, ಆಗಲೇ ಮುಗಿಸೋಣ ಅನ್ನುವವರಿದ್ದಾರೆ. ಬೇಡ. ಆ ತೇವದಲ್ಲಿ ರೆಸಿನ್ (ಫೈಬರನ್ನು ಗಟ್ಟಿ ಮಾಡುವ ಅಂಟುದ್ರವ) ಸರಿಯಾಗಿ ಹಿಡಿಯುವುದಿಲ್ಲ.

ಪರೀಕ್ಷೆ. ಎಂಜಿನ್ ಇಳಿಸಿ. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಸುತ್ತಿಗೆಯ ಹಿಡಿಯಿಂದ ಹಲಗೆಯನ್ನು ಉದ್ದಕ್ಕೂ ತಟ್ಟಿ. ಗಟ್ಟಿ ಶಬ್ದ ಬಂದರೆ ಸರಿ, ಬೊದ್ದು ಶಬ್ದ ಬಂದಲ್ಲಿ ಅನುಮಾನ. ಅಲ್ಲಿ ಒಳಗಿನಿಂದ ಸಣ್ಣ ತೂತು ಕೊರೆಯಿರಿ. ಪುಡಿ ಒಣಗಿ ತಿಳಿ ಬಣ್ಣದಲ್ಲಿದ್ದರೆ ಬಚಾವ್. ಕಪ್ಪಗೆ, ಒದ್ದೆಯಾಗಿ ಬಂದರೆ ಒಳ, ಹೊರ ಫೈಬರ್ ಪದರಗಳ ನಡುವಿನ ಪ್ಲೈವುಡ್ ಕೊಳೆತಿದೆ. ತೂತು ಕೊರೆದು ರೆಸಿನ್ ಸುರಿದರೆ ಸಾಕು ಅಂತ ಹೇಳುವವರು ಸಿಗುತ್ತಾರೆ. ನಂಬಬೇಡಿ, ಒದ್ದೆ ಮರ ರೆಸಿನ್ ಕುಡಿಯುವುದಿಲ್ಲ.

ಹಲಗೆ ಬದಲಾವಣೆ. ಒಳಗಿನ ಫೈಬರ್ ಪದರವನ್ನು ಮಾತ್ರ ಕೊಯ್ಯಿರಿ. ಹೊರಗಿನದನ್ನು ಮುಟ್ಟಬೇಡಿ, ಆಕಾರ ಉಳಿಯುವುದೇ ಅದರಿಂದ. ಫೈಬರ್ ಪುಡಿ ಶ್ವಾಸಕ್ಕೆ ಕೆಟ್ಟದ್ದು. ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಗ್ರೈಂಡರ್ ಹಿಡಿಯಬೇಡಿ.

ಕೊಳೆತ ಮರವನ್ನು ಉಳಿಯಿಂದ ಪೂರ್ತಿ ಕೆತ್ತಿ ತೆಗೆದು ಒಣಗಲು ಬಿಡಿ. ಇಲ್ಲೇ ಎಲ್ಲರೂ ಅವಸರ ಮಾಡುವುದು. ಸಂಜೆ ಮರ ತೆಗೆದ ಜಾಗದ ಮೇಲೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಬೆಳಿಗ್ಗೆ ಹಾಳೆಯ ಅಡಿ ನೀರಿನ ಹನಿ ಕಂಡರೆ ಇನ್ನೂ ಕಾಯಬೇಕು.

ರಟ್ಟಿನಲ್ಲಿ ಅಳತೆ ತೆಗೆದು, ಅದರಂತೆ ಹಳೆಯ ದಪ್ಪಕ್ಕೇ ಸರಿಹೊಂದುವ ಪ್ಲೈವುಡ್ ಕತ್ತರಿಸಿ. ಹಾಳೆಯ ಮೇಲೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆ ಇರಲೇಬೇಕು. ‘ವಾಟರ್‌ಪ್ರೂಫ್’ ಅಂತ ಬಾಯಿಮಾತಲ್ಲಿ ಮಾರುವ ಪ್ಲೈವುಡ್ ಅಡುಗೆಮನೆ ಕಪಾಟಿಗಷ್ಟೇ ಲಾಯಕ್ಕು. ಅಂಚುಗಳಿಗೆ ಮೊದಲೇ ರೆಸಿನ್ ಕುಡಿಸಿ.

ರೆಸಿನ್ನಿನಲ್ಲಿ ಐಸೊ ದರ್ಜೆಯದನ್ನು (ಐಸೊಫ್ತಾಲಿಕ್ ಪಾಲಿಯೆಸ್ಟರ್) ಕೇಳಿ. ಸಾದಾ ದರ್ಜೆಯದು ಅಗ್ಗ, ಆದರೆ ನೀರಿಗೆ ಅಷ್ಟು ತಾಳುವುದಿಲ್ಲ. ಅಂಗಡಿಯವರು ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ), ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟರೆ ಹುಷಾರು. ಅವೆರಡನ್ನು ನೇರ ಸೇರಿಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ. ಹಾರ್ಡನರ್ ಕೊನೆಗೆ. ಸಾಮಾನ್ಯವಾಗಿ ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಮಿ.ಲೀ. ನಮ್ಮ ಸೆಕೆಗೆ ಕಮ್ಮಿಯೇ ಸಾಕು. ಮಗ್ಗಿನಷ್ಟೇ ಕಲಸಿ. ಬಕೆಟ್ ತುಂಬ ಕಲಸಿದರೆ ಅರ್ಧ ಬಳಸುವಷ್ಟರಲ್ಲಿ ಅದು ಕಾದು ಕಲ್ಲಾಗಿರುತ್ತದೆ. ಬಿಸಿಲಿಗೆ ಬೋಟಿನ ಮೇಲೆ ಟಾರ್ಪಾಲ್ ಕಟ್ಟಿಕೊಳ್ಳಿ.

ಉಳಿದ ಹೊರಪದರವನ್ನು ಒರಟು ಕಾಗದದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ. ರೆಸಿನ್ನಿಗೆ ಫೈಬರ್ ಚೂರು ಸೇರಿಸಿ ಪೇಸ್ಟ್ ಮಾಡಿ, ಹಲಗೆಗೆ ದಪ್ಪಗೆ ಬಳಿದು ಕೂರಿಸಿ. ಹಳೆಯ ಬೋಲ್ಟ್ ತೂತುಗಳಲ್ಲೇ ಬೋಲ್ಟ್ ಹಾಕಿ ಬಿಗಿಯಿರಿ. ಸುತ್ತಲೂ ಪೇಸ್ಟ್ ಹೊರಗೆ ಇಣುಕಿದರೆ ಸಾಕು, ಪೂರ್ತಿ ಹಿಂಡಬೇಡಿ. ಮೂಲೆಗಳನ್ನು ಪೇಸ್ಟಿನಿಂದ ಗುಂಡಗೆ ಮಾಡಿ. ಮ್ಯಾಟ್ (ಫೈಬರ್ ಎಳೆಗಳ ಹಾಳೆ) ಚೂಪು ಮೂಲೆಯಲ್ಲಿ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಆಮೇಲೆ ಮ್ಯಾಟಿನ ಪದರಗಳನ್ನು ರೆಸಿನ್ ಹಚ್ಚುತ್ತ ಒಂದೊಂದಾಗಿ ಹಾಕಿ, ಬಿಳಿ ಗುಳ್ಳೆ ಹೋಗುವವರೆಗೆ ರೋಲರ್ ಆಡಿಸಿ.

ಬೋಲ್ಟ್ ತೂತಿಗೆ ಬಾತ್‌ರೂಮ್ ಸಿಲಿಕೋನ್ ತುಂಬಬೇಡಿ, ಹಲಗೆ ಕೊಳೆಯಲು ಶುರುವಾಗುವುದೇ ಅಲ್ಲಿಂದ. ಬೋಟಿಗೆಂದೇ ಸಿಗುವ ಪಾಲಿಯುರೆಥೇನ್ ಸೀಲೆಂಟ್ ಹಾಕಿ. ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ.

ವೈರಿಂಗ್. ಹಳೆಯದನ್ನು ಪೂರ್ತಿ ಕಿತ್ತೆಸೆಯಿರಿ. ತವರ ಲೇಪಿಸಿದ ತಾಮ್ರದ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಒಳಗೆ ಸೇರುವ ನೀರು ಹೊರಹಾಕುವ ಪಂಪಿಗೆ ತೇಲುವ ಸ್ವಿಚ್ ಹಾಕಿ, ಅದನ್ನು ಪ್ರತ್ಯೇಕ ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಕೊಡಿ. ಮುಖ್ಯ ಸ್ವಿಚ್ ಆರಿಸಿ ಮನೆಗೆ ಬಂದಾಗಲೂ ಪಂಪ್ ಓಡಬೇಕಲ್ವಾ? ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು.

ಬಣ್ಣ. ಎಪಾಕ್ಸಿ ಪ್ರೈಮರ್, ಮೇಲೆ ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್ ಬಣ್ಣ. ಚಿಪ್ಪು ಹಿಡಿಯದಂತೆ ತಳಕ್ಕೆ ಹಚ್ಚುವ ದುಬಾರಿ ಬಣ್ಣ ಸದಾ ನೀರಲ್ಲೇ ನಿಲ್ಲುವ ಬೋಟಿಗೆ ಮಾತ್ರ. ದಡಕ್ಕೆ ಎಳೆದಿಡುವವರಿಗೆ ಸುಮ್ನೆ ಖರ್ಚು.

ಎಂಜಿನ್. ಹಳೇ ಟೂ ಸ್ಟ್ರೋಕ್ ತೆಗೆದು ಫೋರ್ ಸ್ಟ್ರೋಕ್ ಹಾಕುವುದೇ ನನ್ನ ಆಯ್ಕೆ. ಹೊಗೆ ಕಮ್ಮಿ, ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲ. ಆದರೆ ಅಷ್ಟೇ ಶಕ್ತಿಯ ಫೋರ್ ಸ್ಟ್ರೋಕ್ ಸಾಮಾನ್ಯವಾಗಿ ಜಾಸ್ತಿ ತೂಗುತ್ತದೆ, ಕೊಳ್ಳುವ ಮುಂಚೆ ತೂಕ ನೋಡಿ. ಹಳೆಯದನ್ನೇ ಉಳಿಸಿಕೊಂಡರೆ ಎಂಜಿನ್ ತಂಪು ಮಾಡುವ ನೀರು ಪಂಪಿನ ಇಂಪೆಲ್ಲರನ್ನು (ನೀರು ತಳ್ಳುವ ರಬ್ಬರ್ ಚಕ್ರ) ಕಣ್ಣುಮುಚ್ಚಿ ಬದಲಿಸಿ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ಬೋಟಿನ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಇರುವಂತೆ ಎಂಜಿನ್ ಕೂರಿಸಿ. ಮೊದಲ ಓಟ ಹಿನ್ನೀರಿನಲ್ಲೇ ಆಗಲಿ. ದಡಕ್ಕೆ ಬಂದು ಎಂಜಿನ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಸಿಹಿನೀರಿನಲ್ಲಿ ಎಂಜಿನ್ ತೊಳೆದಿಡಿ.