ಸ್ಪರ್ಶಕದ ಇಳಿಜಾರು ಕಂಡುಹಿಡಿಯುವುದು ಹೇಗೆ?

ಸಾಣೆ ಹಿಡಿಯುವವರ ಚಕ್ರಕ್ಕೆ ಚಾಕು ತಾಗಿದಾಗ ಕಿಡಿ ಹಾರುವುದನ್ನು ನೋಡಿದ್ದೀರಲ್ವಾ? ಚಕ್ರ ಗುಂಡಗೆ ಸುತ್ತುತ್ತಿದ್ದರೂ ಕಿಡಿ ನೇರ ಹೊರಡುತ್ತದೆ. ಚಾಕು ತಾಗಿದ ಜಾಗದಲ್ಲಿ ಚಕ್ರದ ಅಂಚು ಯಾವ ಕಡೆ ಓಡುತ್ತಿತ್ತೋ ಆ ಕಡೆಗೆ. ಆ ನೇರ ದಾರಿಯೇ ಸ್ಪರ್ಶಕ. ಅದು ಎಷ್ಟು ಕಡಿದು ಅನ್ನುವ ಅಳತೆ ಇಳಿಜಾರು, ಪಿಯುಸಿ ಮಕ್ಕಳ ಬಾಯಲ್ಲಿ ಸ್ಲೋಪ್. ಹೆಸರು ಇಳಿಜಾರಾದರೂ ಏರುವ ಗೆರೆಗೆ ಪ್ಲಸ್, ಇಳಿಯುವ ಗೆರೆಗೆ ಮೈನಸ್.

ಇಳಿಜಾರು ಅಂದರೆ ಎಷ್ಟು ಏರಿತೋ ಅದನ್ನು ಎಷ್ಟು ಮುಂದೆ ಸರಿಯಿತೋ ಅದರಿಂದ ಭಾಗಿಸಿದ್ದು. ಈ ಲೆಕ್ಕಕ್ಕೆ ಎರಡು ಬಿಂದು ಬೇಕು. ನಮ್ಮ ಕೈಲಿರುವುದು ಒಂದೇ. ತೊಡಕು ಇರುವುದೇ ಇಲ್ಲಿ. ಹಾಗಾಗಿ ಪಕ್ಕದಿಂದ ಒಂದು ಬಿಂದು ಕಡ ತರೋಣ.

ವೈ = ಎಕ್ಸ್² ಎಂಬ ವಕ್ರರೇಖೆಯಲ್ಲಿ ಎಕ್ಸ್ 3 ಆದರೆ ವೈ 9. ಎಕ್ಸ್ 3.1 ಆದರೆ ವೈ 9.61. ಏರಿದ್ದು 0.61, ಮುಂದೆ ಸರಿದದ್ದು 0.1. ಭಾಗಿಸಿದರೆ 6.1. ಇನ್ನೂ ಹತ್ತಿರ, 3.01ಕ್ಕೆ ಬಂದರೆ 6.01. 3.001ಕ್ಕೆ 6.001. ಸುಮ್ನೆ ನಂಬಬೇಡಿ, ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ. ಉತ್ತರ 6ಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಆ 6 ಸ್ಪರ್ಶಕದ ಇಳಿಜಾರು.

ಪ್ರತಿ ಬಿಂದುವಿಗೂ ಇಷ್ಟು ಒದ್ದಾಡಬೇಕಿಲ್ಲ. ಈ ಒದ್ದಾಟವನ್ನೆಲ್ಲ ಒಂದೇ ಸಲಕ್ಕೆ ಮುಗಿಸಿಕೊಡುವುದು ಡೆರಿವೇಟಿವ್. ಘಾತವನ್ನು, ಅಂದರೆ ಎಕ್ಸ್ ತಲೆಯ ಮೇಲಿನ ಅಂಕಿಯನ್ನು, ಮುಂದೆ ತಂದು ಗುಣಿಸಿ, ಘಾತದಲ್ಲಿ ಒಂದು ಕಳೆಯಿರಿ. ಎಕ್ಸ್² ಇದ್ದದ್ದು 2ಎಕ್ಸ್ ಆಯಿತು. 3 ಹಾಕಿದರೆ ಅದೇ 6.

ಈಗ ಸ್ವಲ್ಪ ಗಟ್ಟಿ ಲೆಕ್ಕ: ವೈ = ಎಕ್ಸ್³ − 3ಎಕ್ಸ್, ಎಕ್ಸ್ = 2. ಮೊದಲು ಬಿಂದು: 8 − 6 = 2, ಅಂದರೆ (2, 2). ಡೆರಿವೇಟಿವ್ 3ಎಕ್ಸ್² − 3. ಇಲ್ಲಿಗೇ ನಿಲ್ಲಿಸಿ ಅಂಕ ಕಳೆದುಕೊಳ್ಳಬೇಡಿ. ಅದು ಇಳಿಜಾರು ಹೇಳುವ ಸೂತ್ರ, ಇಳಿಜಾರಲ್ಲ. ಅದರಲ್ಲಿ 2 ಹಾಕಿ: 12 − 3 = 9. ಬಿಂದು ಸಿಕ್ಕಿತು, ಇಳಿಜಾರು ಸಿಕ್ಕಿತು. ಸ್ಪರ್ಶಕ: ವೈ − 2 = 9(ಎಕ್ಸ್ − 2). ಬಿಡಿಸಿದರೆ ವೈ = 9ಎಕ್ಸ್ − 16.

ಇಲ್ಲೊಂದು ತಮಾಷೆ ಇದೆ. ಸ್ಪರ್ಶಕ ಒಂದೇ ಕಡೆ ಮುಟ್ಟುತ್ತದೆ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಕಲಿತಿದ್ದೇವಲ್ಲ, ಅದು ವೃತ್ತಕ್ಕೆ ಸರಿ. ಇಲ್ಲಿ ಎಕ್ಸ್‌ಗೆ −4 ಹಾಕಿ ನೋಡಿ. ಸ್ಪರ್ಶಕದಲ್ಲೂ −52, ವಕ್ರರೇಖೆಯಲ್ಲೂ −52. ದೂರ ಹೋಗಿ ಮತ್ತೆ ಡಿಕ್ಕಿ ಹೊಡೆದಿದೆ! ಆದರೂ (2, 2)ರಲ್ಲಿ ಅದು ಸ್ಪರ್ಶಕವೇ, ಏಕೆಂದರೆ ಅಲ್ಲಿ ಎರಡೂ ಒಂದೇ ದಿಕ್ಕಿಗೆ ಹೊರಟಿವೆ.

ಇಳಿಜಾರು ಹೇಳುವ ಅದೇ 3ಎಕ್ಸ್² − 3 ಸೂತ್ರದಲ್ಲಿ 1 ಹಾಕಿದರೆ ಸೊನ್ನೆ ಬರುತ್ತದೆ. ಲೆಕ್ಕ ತಪ್ಪಿತು ಎಂದು ಹೊಡೆದುಹಾಕಬೇಡಿ. ಅಲ್ಲಿ ಸ್ಪರ್ಶಕ ಚಪ್ಪಟೆಯಾಗಿ ಮಲಗಿದೆ, ಅಷ್ಟೆ: ವೈ = −2.