ಲಂಡನ್ನಿನ ವಕೀಲರು ಕೂಡುತ್ತಿದ್ದ ಮನೆಗಳ ಬೆನ್ನು ಹತ್ತಿ

ಲಂಡನ್ನಿನ ಬ್ಯಾರಿಸ್ಟರ್‌ಗಳ, ಅಂದರೆ ಕೋರ್ಟಿನಲ್ಲಿ ನಿಂತು ವಾದಿಸುವ ವಕೀಲರ, ನಾಲ್ಕು 'ಇನ್'ಗಳು (ವಕೀಲರ ಸಂಘದ ಮನೆಗಳು) ಇವತ್ತಿಗೂ ನಡೆಯುತ್ತಿವೆ. ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಲಿಂಕನ್ಸ್ ಇನ್, ಗ್ರೇಸ್ ಇನ್. ಅವುಗಳ ಬಗ್ಗೆ ಓದೋಕೆ ಬೇಕಾದಷ್ಟಿದೆ. ನನ್ನನ್ನು ಸೆಳೆದದ್ದು ಅವುಗಳ ಸುತ್ತ ಇದ್ದು, ಈಗ ಇಲ್ಲವಾಗಿರುವ ಮನೆಗಳು. ಕ್ಲಿಫರ್ಡ್ಸ್, ಕ್ಲೆಮೆಂಟ್ಸ್, ಲಯನ್ಸ್, ಫರ್ನಿವಲ್ಸ್, ಥೇವೀಸ್, ನ್ಯೂ ಇನ್. ಇವುಗಳಿಗೆಲ್ಲ ಚಾನ್ಸರಿ ಇನ್‌ಗಳು ಅಂತ ಹೆಸರು. ಮೊದಮೊದಲು ಹುಡುಗರು ಕಾನೂನಿನ ಓನಾಮ ಕಲಿಯುತ್ತಿದ್ದದ್ದು ಇಲ್ಲಿ. ಆಮೇಲೆ ಅಟಾರ್ನಿಗಳು, ಸಾಲಿಸಿಟರ್‌ಗಳು, ಅಂದರೆ ಕಕ್ಷಿದಾರರ ಕಾಗದಪತ್ರ ನೋಡಿಕೊಳ್ಳುವ ವಕೀಲರು, ಇಲ್ಲೇ ಕೋಣೆ ಹಿಡಿದು, ಒಂದೇ ಸಭಾಂಗಣದಲ್ಲಿ ಕೂತು ಉಣ್ಣುತ್ತಿದ್ದರು. ನಾನೂ ವಕೀಲಿ ಓದಿದವನು. ಆ ಕೂತು ಉಣ್ಣುವುದರ ಬೆಲೆ ಏನು ಅಂತ ನನಗೆ ಗೊತ್ತು.

ನಾನು ಶುರು ಮಾಡಿದ್ದು ನಕ್ಷೆಯಿಂದ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು 1890ರ ದಶಕದ ಲಂಡನ್ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮೈಲಿಗೆ ಐದು ಅಡಿಯ ಅಳತೆ, ಒಂದೊಂದು ಅಂಗಳವೂ ಕಾಣುತ್ತದೆ. ಪಕ್ಕದಲ್ಲೇ ಇವತ್ತಿನ ನಕ್ಷೆ ಇಟ್ಟುಕೊಂಡರೆ ಮುಗಿಯಿತು. ಸ್ಟ್ರಾಂಡ್ ರಸ್ತೆಯ ಹತ್ತಿರ ಹಳೆಯದರಲ್ಲಿ ನ್ಯೂ ಇನ್ ಇದೆ, ಹೊಸದರಲ್ಲಿ ಇಲ್ಲ. ಕಿಂಗ್ಸ್‌ವೇ ಮತ್ತು ಆಲ್ಡ್‌ವಿಚ್ ರಸ್ತೆಗಳಿಗೆ ಜಾಗ ಮಾಡಲು ಆ ಕೇರಿಯನ್ನೇ ಕೆಡವಿದರು. 1905ರಲ್ಲಿ ರಸ್ತೆ ತೆರೆಯಿತು. ಹೋಬರ್ನ್‌ನಲ್ಲಿದ್ದ ಫರ್ನಿವಲ್ಸ್ ಇನ್ 1897ರಲ್ಲಿ ಹೋಯಿತು. ಅಲ್ಲೀಗ ಪ್ರುಡೆನ್ಶಿಯಲ್ ವಿಮಾ ಕಂಪನಿ ಕಟ್ಟಿಸಿದ ಕೆಂಪು ಕಟ್ಟಡ ನಿಂತಿದೆ.

ಆದರೆ ನಕ್ಷೆ ಜಾಗ ತೋರಿಸುತ್ತದೆ ಅಷ್ಟೇ. ಒಳಗೆ ಏನಿತ್ತು ಅಂತ ತಿಳಿಯಬೇಕಾದರೆ ಮಾರಾಟದ ಜಾಡು ಹಿಡಿಯಬೇಕು. ನನಗೆ ಜಾಸ್ತಿ ಫಲ ಕೊಟ್ಟ ದಾರಿ ಇದೇ. ಸಂಸ್ಥೆ ಮುಚ್ಚಿದಾಗ ಬಾಗಿಲು, ಚಿತ್ರ, ಮರಗೆಲಸ ಎಲ್ಲ ಯಾರದೋ ಕೈ ಸೇರುತ್ತವೆ, ಅಲ್ವಾ? ಕೊನೆಯದಾಗಿ ಮುಚ್ಚಿದ್ದು ಕ್ಲಿಫರ್ಡ್ಸ್ ಇನ್, 1903ರಲ್ಲಿ. ಕಟ್ಟಡ 1934ರಲ್ಲಿ ನೆಲಸಮವಾಯಿತು. ಫ್ಲೀಟ್ ಸ್ಟ್ರೀಟಿನ ಓಣಿಯೊಂದರಲ್ಲಿ ಬರೀ ಹೆಬ್ಬಾಗಿಲು ಉಳಿದಿದೆ. ಆದರೆ ಅಲ್ಲಿನ ಒಂದು ಕೋಣೆ ಇಡಿಯಾಗಿ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ! 1680ರ ದಶಕದಲ್ಲಿ ಜಾನ್ ಪೆನ್‌ಹ್ಯಾಲೋ ಎಂಬವರು ಮಾಡಿಸಿಕೊಂಡ ಕೋಣೆ. ಗೋಡೆಗೆಲ್ಲ ಓಕ್ ಹಲಗೆ, ಅದರ ಮೇಲೆ ದೇವದಾರಿನ ಕೆತ್ತನೆ. ನಾನು ಅಲ್ಲಿ ತುಂಬ ಹೊತ್ತು ನಿಂತಿದ್ದೆ. ಕಕ್ಷಿದಾರನನ್ನು ಕೂರಿಸಿ ಮಾತಾಡುವುದಕ್ಕೆ ಸರಿಯಾದ ಅಳತೆಯ ಕೋಣೆ ಅದು. ದೊಡ್ಡಸ್ತಿಕೆಗೂ ಕಮ್ಮಿ ಇಲ್ಲ, ಎದುರು ಕೂತವರಿಗೆ ಗಾಬರಿಯೂ ಆಗುವುದಿಲ್ಲ.

ಇದೇ ಕ್ಲಿಫರ್ಡ್ಸ್ ಇನ್ನಿನ ಸಭಾಂಗಣದಲ್ಲಿ ಇನ್ನೂ ದೊಡ್ಡ ಕೆಲಸ ನಡೆದಿತ್ತು. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟಾಗ ಮನೆ ಹೋದ ಬಾಡಿಗೆದಾರರ ಗತಿ ಏನು? ಕರಾರಿನ ಪ್ರಕಾರ ಬಾಡಿಗೆಯನ್ನೂ ಕಟ್ಟಬೇಕು, ಮನೆಯನ್ನೂ ಕಟ್ಟಿಸಿಕೊಡಬೇಕು. ಈ ವ್ಯಾಜ್ಯಗಳಿಗೆಂದೇ 1667ರಲ್ಲಿ 'ಫೈರ್ ಕೋರ್ಟ್' ಕೂತಿತು. ಜಡ್ಜುಗಳು ಸಂಬಳವಿಲ್ಲದೆ ಕೂತು, ಕೆಲವರ ಕರಾರು ರದ್ದು ಮಾಡಿದರು, ಕಟ್ಟಲು ಒಪ್ಪಿದವರಿಗೆ ಅವಧಿ ಜಾಸ್ತಿ ಕೊಟ್ಟರು. ಊರು ಅವರ ಚಿತ್ರ ಬರೆಸಿ ತನ್ನ ಪುರಭವನ ಗಿಲ್ಡ್‌ಹಾಲಿನಲ್ಲಿ ತೂಗುಹಾಕಿತು. ಅಂಥ ಸಭಾಂಗಣವನ್ನು ಕೆಡವಲು ಮನಸ್ಸಾದರೂ ಹೇಗೆ ಬಂತೋ!

ಕಾಗದಪತ್ರಗಳ ಪೈಕಿ ಮೊದಲು ಓದಬೇಕಾದದ್ದು ಈ ಇನ್‌ಗಳ ಬಗ್ಗೆ ವಿಚಾರಣೆ ನಡೆಸಿದ ಸರ್ಕಾರಿ ಆಯೋಗದ, ಅಂದರೆ ರಾಯಲ್ ಕಮಿಷನ್ನಿನ, 1855ರ ವರದಿ. ಸಾಕ್ಷಿಗಳ ಹೇಳಿಕೆ ಪಾಟೀಸವಾಲಿನ ಹಾಗೆ ಪ್ರಶ್ನೆ, ಉತ್ತರದಲ್ಲೇ ಅಚ್ಚಾಗಿದೆ. ಪಾಠ ಹೇಳುವುದು ಯಾವತ್ತೋ ನಿಂತಿತ್ತು ಅನ್ನುವುದು ಅವರ ಬಾಯಿಂದಲೇ ಗೊತ್ತಾಗುತ್ತದೆ. ಅಷ್ಟರಲ್ಲಿ ಸಾಲಿಸಿಟರ್‌ಗಳಿಗೆ 1825ರಲ್ಲಿ ಹುಟ್ಟಿದ ತಮ್ಮದೇ ಸಂಘ ಲಾ ಸೊಸೈಟಿ ಇತ್ತು, ಚಾನ್ಸರಿ ಲೇನಿನಲ್ಲಿ ಅದರದೇ ಕಟ್ಟಡವೂ ಇತ್ತು. ಇನ್ನಿನ ಕಡೆ ಹೋಗಲು ಕಾರಣವೇ ಉಳಿಯಲಿಲ್ಲ.

ನನ್ನ ಮನಸ್ಸಿಗೆ ಜಾಸ್ತಿ ನೋವು ಕೊಟ್ಟದ್ದು ಸಾರ್ಜೆಂಟ್ಸ್ ಇನ್ನಿನ ಕತೆ. ಸಾರ್ಜೆಂಟ್ ಅಂದರೆ ಇಲ್ಲಿ ಎಲ್ಲರಿಗಿಂತ ಹಿರಿಯ ದರ್ಜೆಯ ವಕೀಲ. ಕಾಮನ್ ಲಾ (ಹಳೇ ತೀರ್ಪು, ರೂಢಿಗಳ ಮೇಲೆ ನಡೆಯುವ ಕಾನೂನು) ಕೋರ್ಟಿನ ಜಡ್ಜ್ ಆಗಬೇಕಾದರೆ ಮೊದಲು ಸಾರ್ಜೆಂಟ್ ಆಗಿರಲೇಬೇಕಿತ್ತು. ಹಾಗಾಗಿ ಜಡ್ಜುಗಳೂ ವಕೀಲರೂ ಒಂದೇ ಮನೆಯವರು. ಬೆಳಗ್ಗೆ ಎದುರಿಗೆ ನಿಂತು ವಾದಿಸಿದವರು ಜಡ್ಜಿನ ಜೊತೆ ಒಂದೇ ಮೇಜಿಗೆ ಕೂರುವ ಜಾಗ. 1873ರ ಕಾಯ್ದೆ ಆ ನಿಯಮ ತೆಗೆದುಹಾಕಿತು. 1877ರಲ್ಲಿ ಸದಸ್ಯರು ಮನೆ ಮಾರಿ ಬಂದ ದುಡ್ಡನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. ತಲೆಮಾರುಗಳಿಂದ ಬಂದ ಮನೆ ಅದು, ಅವರ ಸ್ವಂತದ್ದಲ್ಲ. ಕಾನೂನಿಗೆ ಅಡ್ಡಿಯಿಲ್ಲದಿದ್ದರೂ ನನಗೆ ಅದು ಸರಿ ಕಾಣುವುದಿಲ್ಲ. ಗೋಡೆಯ ಮೇಲಿದ್ದ ಚಿತ್ರಗಳನ್ನು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಕೊಟ್ಟರಲ್ಲ, ಅದೊಂದೇ ಸಮಾಧಾನ. ಕೊನೆಯ ಸಾರ್ಜೆಂಟ್ ಲಾರ್ಡ್ ಲಿಂಡ್ಲಿ ತೀರಿಕೊಂಡದ್ದು 1921ರಲ್ಲಿ.

ನೀವು ಹೋಗುವುದಾದರೆ ಹೋಬರ್ನ್‌ನ ಬಾರ್ನಾರ್ಡ್ಸ್ ಇನ್ನಿನಿಂದ ಶುರು ಮಾಡಿ. ವಕೀಲರು ಹೋಗಿ ನೂರು ವರ್ಷದ ಮೇಲಾಯಿತು, ಆದರೆ ಅವರ ಹಳೇ ಸಭಾಂಗಣ ಉಳಿದಿದೆ. ಈಗ ಅಲ್ಲಿರುವುದು ಗ್ರೆಶಮ್ ಕಾಲೇಜು. ಅದರ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಮೊದಲೇ ಹೆಸರು ಕೊಟ್ಟಿಡಿ, ಸಭಾಂಗಣ ಚಿಕ್ಕದು.