ಗಿಳಿ ಪೊಟರೆಯ ಮುಂದೆ ಕ್ಯಾಮೆರಾ ಹಿಡಿದು ಕೂರುವ ಮುಂಚೆ

ಜನವರಿ ಬಂತು ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಗಿಳಿಗಳಿಗೆ ಪೊಟರೆಯ ಚಿಂತೆ ಶುರು. ಅಷ್ಟರಲ್ಲಿ ಒಕ್ಕಣೆ ಮುಗಿದಿರುತ್ತದೆ. ಕಣದಲ್ಲಿ ಉದುರಿದ ಭತ್ತ ಹೆಕ್ಕಿದ ಕೆಂದಲೆ ಗಿಳಿಗಳು 'ಟುಯಿ, ಟುಯಿ' ಅನ್ನುತ್ತಾ ಜೋಡಿಯಾಗಿ ಸೊಪ್ಪಿನಬೆಟ್ಟದ ಕಡೆ ಹಾರುತ್ತವೆ. ಮನೆ ಹತ್ತಿರವೇ ಗಿಳಿ ಗೂಡು ಮಾಡಿದೆ, ಫೋಟೊ ತೆಗೆಯೋದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ನಾನು ಹೇಳುವುದು ಇಷ್ಟೇ. ನೀವು ಕೂತಿದ್ದಾಗಲೂ ಗಿಳಿ ಎಂದಿನ ಹಾಗೆ ಪೊಟರೆ ಒಳಗೆ ಹೋಗಬೇಕು. ಹೋಗದಿದ್ದರೆ ಆ ಫೋಟೊ ಬೇಡ.

ಮೊದಲು ಪೊಟರೆ ಗುರುತಿಸಿ. ಗಿಳಿಗಳು ಜಾಸ್ತಿ ಮಟ್ಟಿಗೆ ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ಹಳೇ ತೂತನ್ನೇ ಹಿಡಿಯುತ್ತವೆ. ಬೇಕಾದರೆ ಅದರ ಬಾಯನ್ನು ಕೊಕ್ಕಿನಿಂದ ಕಡಿದು ಅಗಲ ಮಾಡಿಕೊಳ್ಳುತ್ತವೆ. ಒಣಗಿ ನಿಂತ ತೆಂಗಿನ ಬೊಡ್ಡೆ, ಮತ್ತಿ ಮರದ ಸತ್ತ ಕೊಂಬೆ, ಇಂಥ ಕಡೆ ನೋಡಿ. ಯಾರೂ ಇಲ್ಲದ ಪೊಟರೆಯ ಅಂಚು ಕಪ್ಪಾಗಿ ಪಾಚಿ ಹಿಡಿದಿರುತ್ತದೆ, ವಾಸ ಇರುವುದರ ಅಂಚು ಹೊಸದಾಗಿ ಕಡಿದ ಹಾಗೆ ತಿಳಿಬಣ್ಣದಲ್ಲಿ ಕಾಣುತ್ತದೆ. ಇದನ್ನೆಲ್ಲ ದೂರದಿಂದ ಬೈನಾಕ್ಯುಲರ್‌ನಲ್ಲೇ ನೋಡಬಹುದು. ಮರ ಹತ್ತಬೇಡಿ. ಕೋಲಿಗೆ ಮೊಬೈಲ್ ಕಟ್ಟಿ ಒಳಗೆ ಇಣುಕಬೇಡಿ. ಏನು ಹೊರಗೆ ಬರುತ್ತೆ ನೋಡೋಣ ಅಂತ ಕತ್ತಿಯ ಹಿಂಬದಿಯಿಂದ ಮರ ಕುಟ್ಟುವವರಿದ್ದಾರೆ, ದಯವಿಟ್ಟು ಅದನ್ನಂತೂ ಮಾಡಲೇಬೇಡಿ.

ಪೊಟರೆ ಸಿಕ್ಕಿದ ದಿನವೇ ಕೂರುವುದೂ ತಪ್ಪು. ಜಾಗ ಗೊತ್ತುಮಾಡುವಾಗ, ಮೊಟ್ಟೆ ಇಡುವಾಗ ಗಿಳಿ ಸ್ವಲ್ಪ ಹೆದರಿದರೂ ಬಿಟ್ಟು ಹೋಗಬಹುದು. ಕೆಂದಲೆ ಗಿಳಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಹೆಣ್ಣು ಒಳಗೆ ಕಾವಿಗೆ ಕೂತರೆ ಗಂಡು ಹೊರಗಿನಿಂದ ಗುಟುಕು ತಂದುಕೊಡುತ್ತದೆ. ಹೆಣ್ಣೂ ಮೇವಿಗೆ ಹೊರಗೆ ಹೋಗಿ ಬರಲು ಶುರು ಮಾಡಿ, ಒಳಗಿನಿಂದ ಮರಿಗಳ ಸದ್ದು ಕೇಳುವವರೆಗೆ ಕಾಯಿರಿ. ಆಮೇಲೆ ಅವು ಅಷ್ಟು ಸುಲಭವಾಗಿ ಬಿಟ್ಟು ಹೋಗುವುದಿಲ್ಲ. ಊರಲ್ಲೆಲ್ಲ ಕಾಣುವ ಕೆಂಪುಕೊರಳಿನ ಗಿಳಿ 22ರಿಂದ 24 ದಿನ ಕಾವು ಕೊಡುತ್ತದೆ, ಅದರ ಮರಿ ಹಾರಲು ಆರೇಳು ವಾರ ಬೇಕು. ಹಾಗಾಗಿ ಅವಸರ ಏನಿಲ್ಲ.

ಕೂರುವ ಜಾಗ ಮರದಿಂದ 25–30 ಮೀಟರ್ ದೂರ ಇರಲಿ. 400 ಎಂಎಂ ಲೆನ್ಸ್ ಇದ್ದರೆ ಸಾಕು. ಇಲ್ಲದಿದ್ದರೆ ಫೋಟೊದಲ್ಲಿ ಗಿಳಿ ಚಿಕ್ಕದಾಗಿಯೇ ಇರಲಿ, ಸುತ್ತಲ ಮರವೂ ಬರಲಿ, ಅದೂ ಚೆನ್ನಾಗಿಯೇ ಇರುತ್ತೆ. ಮರೆಗೆ ದುಬಾರಿ ಟೆಂಟ್ ಬೇಕಿಲ್ಲ. ಅಡಿಕೆ ಸೋಗೆ ನಾಲ್ಕು ಒರಗಿಸಿ, ಕಂಬಳಿಕೊಪ್ಪೆ ಹಾಕಿ ಕೂತರೆ ಮನುಷ್ಯನ ಆಕಾರವೇ ಗೊತ್ತಾಗುವುದಿಲ್ಲ, ಬೆಳಗಿನ ಚಳಿಗೂ ಆಯ್ತು. ಸೋಗೆಯನ್ನು ಎರಡು ದಿನ ಮುಂಚೆಯೇ ಇಟ್ಟು ಬನ್ನಿ, ಗಿಳಿಗೆ ರೂಢಿಯಾಗಲಿ. ಕತ್ತಲಿರುವಾಗಲೇ ಹೋಗಿ ಕೂತುಬಿಡಿ.

ಇನ್ನು ಗಿಳಿಯನ್ನು ಓದುವುದು. ಇದು ಬಂದರೆ ಅರ್ಧ ಕೆಲಸ ಮುಗಿದಂತೆ. ಗಂಡು ಬಂದ ಕೂಡಲೇ ಪೊಟರೆಗೆ ನುಗ್ಗುವುದಿಲ್ಲ. ಮೊದಲು ಪಕ್ಕದ ರೆಂಬೆಯಲ್ಲಿ ಕೂರುತ್ತದೆ. ಕೊರಳ ಬುಡ ಮೇವು ತುಂಬಿ ಉಬ್ಬಿರುತ್ತದೆ. ತಲೆ ಓರೆ ಮಾಡಿ ಒಂದು ಕಣ್ಣಿನಿಂದ ಕೆಳಗೆ ನೋಡುತ್ತದೆ, ಮತ್ತೆ ಇನ್ನೊಂದರಿಂದ. ಆಮೇಲೆ ಕೊಕ್ಕು ಊರಿ, ಎರಡು ಬೆರಳು ಮುಂದೆ ಎರಡು ಹಿಂದೆ ಇರುವ ಆ ಕಾಲಿನಿಂದ ತೊಗಟೆ ಕಚ್ಚಿ ಹಿಡಿದು, ಪೊಟರೆ ಬಾಯಿಗೆ ಬಂದು ಜೋತುಕೊಳ್ಳುತ್ತದೆ. ಒಂದೆರಡು ನಿಮಿಷದಲ್ಲಿ ಇಷ್ಟು ನಡೆದರೆ ನಿಮ್ಮಿಂದ ಅದಕ್ಕೆ ತೊಂದರೆ ಇಲ್ಲ. ಹಾಗಲ್ಲದೆ ರೆಂಬೆಯಿಂದ ರೆಂಬೆಗೆ ಜಿಗಿಯುತ್ತಾ, ಬಿಡದೆ ಕೂಗುತ್ತಾ, ಪೊಟರೆವರೆಗೆ ಬಂದು ಒಳಗೆ ಹೋಗದೆ ವಾಪಸಾದರೆ ಅದಕ್ಕೆ ಕಾರಣ ನೀವೇ. ಗಿಳಿ ಆಚೆ ಹಾರಿದ ಕೂಡಲೇ ಮೆಲ್ಲಗೆ ಎದ್ದು ಬನ್ನಿ.

ಕೆಲವು ವರ್ಷಗಳ ಹಿಂದೆ ನಾನು ಹತ್ತೇ ಮೀಟರ್ ದೂರದಲ್ಲಿ ಕೂತಿದ್ದೆ. ಗಂಡು ಉಬ್ಬಿದ ಕೊರಳಿನಲ್ಲೇ ಮೂರು ಸಲ ಬಂದು ಮೂರು ಸಲವೂ ವಾಪಸ್ ಹೋಯಿತು. ಒಳಗೆ ಮರಿಗಳು ಕೂಗುತ್ತಲೇ ಇದ್ದವು. ನಾಲ್ಕನೇ ಸಲ ಬರುವ ಮುಂಚೆ ಎದ್ದು ಬಂದೆ. ಆ ಕೂಗು ಈಗಲೂ ಕಿವಿಯಲ್ಲಿದೆ. ಅವತ್ತಿನ ಒಂದು ಫೋಟೊವನ್ನೂ ಇಟ್ಟುಕೊಂಡಿಲ್ಲ.

ಕ್ಯಾಮೆರಾ ವಿಷಯ ಚಿಕ್ಕದು. ಟ್ರೈಪಾಡ್ ಹಾಕಿ, ಫೋಕಸ್ಸನ್ನು ಪೊಟರೆ ಅಂಚಿಗೆ ಹೊಂದಿಸಿ ಬಿಟ್ಟುಬಿಡಿ. ಶಟರ್ ವೇಗ ಕೂತ ಗಿಳಿಗೆ 1/500 ಸೆಕೆಂಡ್ ಸಾಕು, ಬಂದಿಳಿಯುವಾಗ 1/2000 ಬೇಕು. ಎಲೆಯ ಸಂದಿಯ ಆಕಾಶ ಮತ್ತು ಪೊಟರೆಯ ಕತ್ತಲೆ ಎರಡೂ ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನು ದಾರಿ ತಪ್ಪಿಸುತ್ತವೆ, ಅದಕ್ಕೆ ಬಿಸಿಲು ಬಿದ್ದ ತೊಗಟೆ ನೋಡಿ ಮ್ಯಾನ್ಯುಯಲ್‌ನಲ್ಲೇ ಬೆಳಕು ಹೊಂದಿಸಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿಯಿರಿ, ಕೆಳಗೆ ಜಾಗ ಬಿಡಿ. ಕೆಂದಲೆ ಗಿಳಿಯ ಉದ್ದ ಸುಮಾರು 33 ಸೆಂ.ಮೀ., ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ಆ ಬಾಲದ ಬಿಳಿ ತುದಿ ಕತ್ತರಿಸಿ ಹೋದರೆ ಬೇಜಾರಾಗುತ್ತೆ ಅಲ್ವಾ? ಸದ್ದಿಲ್ಲದ ಶಟರ್ ಒಳ್ಳೆಯದು, ಆದರೆ ಕೆಲವು ಕ್ಯಾಮೆರಾಗಳಲ್ಲಿ ಅದರಿಂದ ಹಾರುವ ರೆಕ್ಕೆ ಸೊಟ್ಟಗೆ ಬರುತ್ತದೆ. ಫ್ಲ್ಯಾಶ್ ಬೇಡ, ಮೊಬೈಲ್‌ನಲ್ಲಿ ಗಿಳಿ ಕೂಗು ಹಾಕಿ ಕರೆಯುವುದೂ ಬೇಡ. ಅಡ್ಡ ಬಂದ ರೆಂಬೆ ಕಡಿಯಬೇಡಿ. ಅದು ಕಾಗೆ, ಬಿಸಿಲು ಎರಡರಿಂದಲೂ ಪೊಟರೆಗೆ ಮರೆ. ನೀವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕೂತುಕೊಳ್ಳಿ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ, ಅಷ್ಟು ಸಾಕು.

ಶೆಟ್ಟಿಹಳ್ಳಿಯಂಥ ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಹಲವು ಫೋಟೊ ಸ್ಪರ್ಧೆಗಳಲ್ಲಿ ಗೂಡಿನ ಫೋಟೊ ಸ್ವೀಕರಿಸುವುದೇ ಇಲ್ಲ, ಅದೂ ತಿಳಿದಿರಲಿ. ಫೋಟೊ ಹಂಚುವಾಗ ಊರು, ಮರ ಯಾವುದನ್ನೂ ಹೇಳಬೇಡಿ, ಮೊಬೈಲ್‌ನ ಲೊಕೇಶನ್ ಆಫ್ ಮಾಡಿ. ಗಿಳಿ ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಪಂಜರಕ್ಕೆ ಅಂತ ಪೊಟರೆಯಿಂದಲೇ ಮರಿ ಎತ್ತುವವರಿದ್ದಾರೆ.

ಕೊನೆಗೆ, ಆ ಮರ ಯಾರದ್ದೋ ಅವರ ಹತ್ತಿರ ಹೋಗಿ ಮಾತಾಡಿ. ಮಳೆಗಾಲದ ಮುಂಚೆ ಒಣಮರ ಕಡಿದು ಸೌದೆ ಮಾಡಿಡುವುದು ನಮ್ಮಲ್ಲಿ ವಾಡಿಕೆ. ಪಕ್ಕದ ತೋಟದ ಅಣ್ಣನೂ ತೆಂಗಿನ ಬೊಡ್ಡೆ ತೋರಿಸಿ, "ಇದನ್ನ ಸುಮ್ನೆ ಯಾಕೆ ಬಿಡೋದು ಮಾರಾಯ್ರೆ, ಕಡಿದು ಹಾಕ್ತೀನಿ" ಅಂದಿದ್ದರು. ಮರಿಗಳು ಹಾರಿದ ಮೇಲೆ ಒಂದು ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಈಗ ಅದು ಅವರ ಜಗಲಿಯ ಗೋಡೆಯಲ್ಲಿದೆ. ಬೊಡ್ಡೆಯೂ ತೋಟದಲ್ಲಿ ಹಾಗೇ ನಿಂತಿದೆ.